ಮೂವತ್ತಮೂರು ಕರಿ ಗುಂಡಿಗಳು

ಆ ಗಾಜಿನ ಡಬ್ಬಿ ಅಂಗಡಿಗೆ ಬಂದ ದಿನದಿಂದ ಟೈಲರನ ನೆಮ್ಮದಿ ಕೆಟ್ಟಿತು.

ಹೋದ ಭಾನುವಾರ ಪಾದ್ರಿಗಳು ನಾಲಿಗೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, ಕೊನೆಗೆ ಮನೆಗೊಂದು ಖಾಲಿ ಡಬ್ಬಿ ಹಂಚಿದ್ದರು. ಮನೆಯ ಯಜಮಾನ ಒಂದು ಸುಳ್ಳು ಹೇಳಿದರೆ ಅಥವಾ ಯಾರನ್ನಾದರೂ ಬೈದರೆ ಅದರೊಳಗೆ ಒಂದು ಅಂಗಿಗುಂಡಿ ಹಾಕಬೇಕು. ಶನಿವಾರ ಸಂಜೆ ಆರಕ್ಕೆ ಅವರೇ ಬಂದು ನೋಡುತ್ತಾರೆ. ಎಲ್ಲಕ್ಕಿಂತ ಖಾಲಿ ಡಬ್ಬಿ ಯಾರದೋ, ಮರುದಿನ ಚರ್ಚಿನಲ್ಲಿ ಬೈಬಲಿನ ವೇದಪಾಠ ಓದುವ ಭಾಗ್ಯ ಅವರದು.

ಆ ಭಾಗ್ಯಕ್ಕಾಗಿ ಟೈಲರು ಹತ್ತೊಂಬತ್ತು ವರ್ಷದಿಂದ ಕಾದಿದ್ದ. ಓದಬೇಕಾದವರಿಗೆ ಜ್ವರಗಿರ ಬಂದರೆ ಎಂದು ಪ್ರತಿ ಭಾನುವಾರ ಎರಡನೇ ಸಾಲಿನಲ್ಲಿ ಗಂಟಲು ಸರಿಮಾಡಿಕೊಂಡು ಕೂರುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ಒಬ್ಬರಿಗೂ ಜ್ವರ ಬಂದಿರಲಿಲ್ಲ.

ತೊಂದರೆ ಏನೆಂದರೆ, ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದುದೇ 'ನಾಳೆ ಟೈಲರು' ಎಂದು. ಬಟ್ಟೆಗೆ ಕತ್ತರಿ ಸೋಕಿರದಿದ್ದರೂ "ಇಸ್ತ್ರಿ ಒಂದೇ ಬಾಕಿ, ನಾಳೆ ಬನ್ನಿ" ಎಂಬ ಮಾತು ಅವನ ಬಾಯಿಂದ ಮೆಷಿನ್ನಿನ ಎಣ್ಣೆಯಂತೆ ಜಾರಿಬರುತ್ತಿತ್ತು. ಹೆಂಡತಿ ಪಕ್ಕದ ಸ್ಟೂಲಿನ ಮೇಲೆ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಅವನು 'ನಾಳೆ' ಎಂದರೆ ಸಾಕು, ಟಣ್. ಶುಕ್ರವಾರ ರಾತ್ರಿಗೆ ಮೂವತ್ತೊಂದಾಗಿತ್ತು.

"ನೀನು ಹೆಂಡತಿಯೋ ಪೊಲೀಸೋ? ಕಲ್ಲುಮನಸ್ಸಿನವಳು!"

"ಇದು ಬೈಗುಳದ ಲೆಕ್ಕ ಕಣ್ರೀ," ಎಂದಳು. ಟಣ್. ಮೂವತ್ತೆರಡು.

ಎದುರು ಅಂಗಡಿಯಲ್ಲಿ ಬೀಗ ರಿಪೇರಿ ಮಾಡುವ ಬೀಗದಣ್ಣನಿಗೆ ಹೆಂಡತಿ ಇರಲಿಲ್ಲ. ಅವನು ತಾನೇ ಬೈದು ತಾನೇ ಗುಂಡಿ ಹಾಕಿಕೊಳ್ಳುತ್ತಿದ್ದ. ತುಕ್ಕು ಹಿಡಿದ ಬೀಗವನ್ನು ಬೈದದ್ದಕ್ಕೂ ಹಾಕುತ್ತಿದ್ದ. ಅವನ ಡಬ್ಬಿ ಬುಧವಾರವೇ ಕುತ್ತಿಗೆಯವರೆಗೆ ತುಂಬಿದ್ದನ್ನು ನೋಡಿಯೇ ಟೈಲರಿಗೆ ಸ್ವಲ್ಪ ಸಮಾಧಾನ.

ಶನಿವಾರ ಬೆಳಿಗ್ಗೆ ಅವನಿಗೊಂದು ಉಪಾಯ ಹೊಳೆಯಿತು. ಆರು ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡ. ಮಾತೇ ಇಲ್ಲದಿದ್ದರೆ ಸುಳ್ಳು ಎಲ್ಲಿಂದ ಬರಬೇಕು?

ಮೊದಲು ಬಂದವರು ಮೇಷ್ಟ್ರು. "ನನ್ನ ಪ್ಯಾಂಟ್ ಏನಾಯ್ತಯ್ಯಾ?"

ಟೈಲರು ಎರಡೂ ಕೈ ಮೇಲೆತ್ತಿ ಆಕಾಶ ನೋಡಿದ. ಮೇಷ್ಟ್ರ ಮುಖ ಬಾಡಿತು. "ಅಯ್ಯೋ! ಯಾರು ಹೋದ್ರು? ಯಾವಾಗ?" ಎಂದು ಹೆಂಡತಿಯ ಕಡೆ ತಿರುಗಿ ಸಂತಾಪ ಹೇಳಿ, ಟೋಪಿ ತೆಗೆದು ಹೊರಟುಹೋದರು. ಅರ್ಧ ಗಂಟೆಯೊಳಗೆ ಬೇಕರಿಯವಳು ಬಿಸಿ ಹಾಲು ಹಿಡಿದು ಬಂದಳು. "ದುಃಖಕ್ಕೆ ನಾಲಿಗೆ ಬಿದ್ದುಹೋಗಿದೆಯಂತೆ. ಕುಡೀರಣ್ಣ, ಕುಡೀರಿ," ಎಂದು ಲೋಟವನ್ನು ಸೂಜಿಗಳಿಗೇ ಒತ್ತಿದಳು. ಹಾಲು ಅಂಗಿಯ ಮೇಲೆ ಚೆಲ್ಲಿತು. ಟೈಲರು ಚುಚ್ಚಿದ ತುಟಿಯನ್ನು ಹಿಡಿದುಕೊಂಡು, ಬೈಯಲೂ ಆಗದೆ ಅಳಲೂ ಆಗದೆ, ಸಂತನಂತೆ ನಕ್ಕ.

ಮಧ್ಯಾಹ್ನ ಮೂಲೆಮನೆಯ ಅಜ್ಜಿ ನಡುಗುತ್ತ ಬಂದಳು. ಮೂರು ವಾರದ ಹಿಂದೆ ಕೊಟ್ಟ ಚಳಿಕೋಟಿಗೆ ಏಳು ಗುಂಡಿ ಹಾಕಬೇಕಿತ್ತು, ಅಷ್ಟೇ.

"ಮಗಾ, ಕೋಟಾಯ್ತಾ? ರಾತ್ರಿಯೆಲ್ಲ ಎದೆ ಚಳುಕು ಹಿಡೀತದೆ."

ಟೈಲರು ಎದೆಯ ಮೇಲೆ ಕೈಯಿಟ್ಟು ಬಹಳ ವಿನಯದಿಂದ ತಲೆಬಾಗಿದ. ಇಂದು ಒಂದೂ ಸುಳ್ಳಾಡಲಿಲ್ಲವಲ್ಲ ಎಂಬ ಹಿಗ್ಗು ಅವನಿಗೆ. ಅಜ್ಜಿ ಕಾದಳು, ಮತ್ತೆ ಕಾದಳು, ಹೊಸ್ತಿಲ ಮೇಲೆ ಕೂತಳು.

ಎದುರಿನಿಂದ ಬೀಗದಣ್ಣ ಗುಡುಗಿದ. "ಲೋ ಮುಳ್ಳುಹಂದಿ ಮೂತಿಯವನೇ! ಮುದುಕಿ ಸತ್ತ ಮೇಲೆ ಹಾಕ್ತೀಯೇನೋ ಗುಂಡಿ?" ದಡದಡ ಬಂದವನೇ ಬಟ್ಟೆ ರಾಶಿಯ ಅಡಿಯಿಂದ ಕೋಟನ್ನು ಎಳೆದ. "ಬಾ ಅಜ್ಜಿ, ಈ ದರಿದ್ರದವನ ಹತ್ತಿರ ಏನಿದೆ?" ಎನ್ನುತ್ತ ಅವಳ ತೋಳು ಹಿಡಿದು ನಡೆಸಿಕೊಂಡು ಹೋದ.

ಎರಡು ಬೈಗುಳ, ಎಂದು ಟೈಲರು ಮನಸ್ಸಿನಲ್ಲೇ ಎಣಿಸಿಕೊಂಡ.

ನಾಲ್ಕು ಗಂಟೆಗೆ ಅವನಿಗೆ ಪಾದ್ರಿಗಳ ಹೊಸ ನಿಲುವಂಗಿ ನೆನಪಾಯಿತು. ಡಬ್ಬಿ ನೋಡಲು ಬಂದಾಗಲೇ ಅದನ್ನೂ ಒಯ್ಯುತ್ತೇನೆಂದಿದ್ದರು. ಹೊಲಿಗೆಯೆಲ್ಲ ಮುಗಿದಿತ್ತು, ಕೊರಳಿಂದ ಕಾಲಿನವರೆಗೆ ಮೂವತ್ತಮೂರು ಕರಿ ಗುಂಡಿ ಹಾಕಿದರಾಯಿತು. ಅಳತೆ ಕೊಟ್ಟು ತರಿಸಿದ ಗುಂಡಿ, ಬೇರೆಲ್ಲೂ ಸಿಗದವು. ಪೆಟ್ಟಿಗೆ ತೆರೆದ. ಬರಿದು.

ಹೆಂಡತಿಯನ್ನು ನೋಡಿದ. ಹೆಂಡತಿ ಡಬ್ಬಿಯನ್ನು ನೋಡಿದಳು.

"ಕೈಗೆ ಹತ್ತಿರ ಇದ್ದದ್ದು ಅದೇ ಪೆಟ್ಟಿಗೆ ರೀ."

ಮೊದಲು ಪೆಟ್ಟಿಗೆ ಮಗುಚಿ ಅಲ್ಲಾಡಿಸಿದ. ಆಮೇಲೆ ಮುಖ ಅರಳಿತು. ಗುಂಡಿಯೆಲ್ಲ ನಿಲುವಂಗಿಗೆ ಹೋದರೆ ಡಬ್ಬಿ ಖಾಲಿ! ಕೆಲಸವೂ ಮುಗಿಯಿತು, ಪಾಪವೂ ಮುಗಿಯಿತು. ಎರಡು ಗಂಟೆಯಲ್ಲಿ ಮೂವತ್ತೆರಡೂ ಹೊಲಿದುಬಿಟ್ಟ. ಜೀವಮಾನದಲ್ಲಿ ಅಷ್ಟು ಬೇಗ ಯಾವ ಕೆಲಸವನ್ನೂ ಮಾಡಿರಲಿಲ್ಲ. ಕೊರಳಿನ ಒಂದು ಗುಂಡಿ ಮಾತ್ರ ಕಡಿಮೆ ಬಿತ್ತು. ಮೆಷಿನ್ನಿನ ಕೆಳಗೆ, ಚಾಪೆಯ ಕೆಳಗೆ ತಡಕಾಡಿದ. ಸಿಗಲಿಲ್ಲ. ಅಷ್ಟರಲ್ಲಿ ಆರು ಹೊಡೆಯಿತು. ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡ.

ಪಾದ್ರಿಗಳು ನಿಲುವಂಗಿ ತೊಟ್ಟು, ಡಬ್ಬಿಯನ್ನು ಬೆಳಕಿಗೆ ಹಿಡಿದರು. ಅವರ ಕಣ್ಣು ಒದ್ದೆಯಾಯಿತು.

"ಇಡೀ ವಾರ ಒಂದೂ ಇಲ್ವಾ? ನೀವು?"

ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಆ ಒದ್ದೆ ಕಣ್ಣು ನೋಡಿ ಟೈಲರನ ಕುತ್ತಿಗೆ ಯಾಕೋ ಬಗ್ಗಲಿಲ್ಲ. ಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ.

"ಇದ್ದವು ಅಯ್ಯನವರೇ. ಮೂವತ್ತೆರಡು. ಈಗ ನಿಮ್ಮ ಮೈಮೇಲಿವೆ."

ಪಾದ್ರಿಗಳು ಎದೆಯ ಮೇಲಿದ್ದ ಕೈಯನ್ನು ಕಾದ ಹೆಂಚು ಮುಟ್ಟಿದವರಂತೆ ಎಳೆದುಕೊಂಡರು. "ಇದು... ಇದು ಯಾವುದು?"

"ಮೇಷ್ಟ್ರ ಪ್ಯಾಂಟು ಇಸ್ತ್ರಿಯಲ್ಲಿದೆ ಅಂದಿದ್ದು."

"ಅದರ ಕೆಳಗಿನದು?"

"ನಿಮ್ಮ ನಿಲುವಂಗಿ ಅರ್ಧ ಮುಗಿದಿದೆ ಅಂತ ಸೋಮವಾರ ನಿಮಗೇ ಹೇಳಿದ್ದು."

ಪಾದ್ರಿಗಳು ಜೋರಾಗಿ ನಕ್ಕುಬಿಟ್ಟರು. "ಬಚ್ಚಿಡಬಹುದಾಗಿದ್ರೂ ನಿಜ ಹೇಳಿದ್ರಲ್ಲ! ಖಾಲಿ ಅಂತಲೇ ಬರ್ಕೊಳ್ತೀನಿ." ಟೈಲರನ ಗಂಟಲು ತನ್ನಷ್ಟಕ್ಕೆ ತಾನೇ ಸರಿಯಾಯಿತು.

ಆಗ ಬೀಗದಣ್ಣ ಡಬ್ಬಿ ಹಿಡಿದು ಬಂದ. ಅವನ ಡಬ್ಬಿಯೂ ಖಾಲಿ! ಹಿಂದೆ ಅಜ್ಜಿ ಬ್ಯಾಂಡ್ ಮಾಸ್ಟರನಂತೆ ನಿಂತಿದ್ದಳು. ಕೋಟಿನ ಮುಂದೆ, ತೋಳಿಗೆ, ಜೇಬಿಗೆ, ಕಾಲರಿಗೂ ಕೆಂಪು, ಹಳದಿ, ಬಿಳಿ ಗುಂಡಿಗಳು, ಎಲ್ಲವನ್ನೂ ತಾಮ್ರದ ತಂತಿಯಲ್ಲಿ ಬಿಗಿದಿತ್ತು.

"ನನ್ನ ಬೈಗುಳ ಎಲ್ಲ ಈಯಮ್ಮನ ಮೇಲಿವೆ ಅಯ್ಯನವರೇ," ಎಂದ ಅವನು ತಲೆ ಕೆರೆಯುತ್ತ. "ಬೇಕಾಗಿದ್ದದ್ದು ಏಳು. ಉಳಿದದ್ದು ಯಾಕೆ ದಂಡ ಅಂತ ಹಾಕಿಬಿಟ್ಟೆ."

"ಬೆಚ್ಚಗಿದೆ," ಎಂದಳು ಅಜ್ಜಿ.

"ಇಬ್ಬರದೂ ಖಾಲಿ. ಇಬ್ಬರೂ ನಿಜ ಹೇಳಿದ್ದೀರಿ," ಎಂದು ಪಾದ್ರಿಗಳು ಯೋಚಿಸುತ್ತ ಕೊರಳು ಸವರಿಕೊಂಡರು. ಬೆರಳು ನಿಂತಿತು. "ಟೈಲರೇ, ಇಲ್ಲೊಂದು ಗುಂಡಿ ಇಲ್ವಲ್ಲ?"

"ಅದಾ? ಒಳಗಿದೆ ಅಯ್ಯನವರೇ, ಚಿಟಿಕೆ ಹೊಡೆಯೋ ಕೆಲಸ. ನಾಳೆ ಬೆಳಿಗ್ಗೆ ಖಂಡಿತ..."

ಟಣ್.

ಎಲ್ಲರೂ ತಿರುಗಿದರು. ಖಾಲಿ ಡಬ್ಬಿಯ ತಳದಲ್ಲಿ ಒಂದು ಕರಿ ಗುಂಡಿ ಇನ್ನೂ ಸುತ್ತುತ್ತಿತ್ತು.

"ಪೆಟ್ಟಿಗೆಯ ಕೊನೇದನ್ನ ಬೆಳಿಗ್ಗೆಯೇ ತೆಗೆದು ಮುಷ್ಟಿಯಲ್ಲಿ ಇಟ್ಕೊಂಡಿದ್ದೆ," ಎಂದಳು ಹೆಂಡತಿ. "ಇವರು ಯಾವಾಗಾದ್ರೂ ಬಾಯಿಂದ ಸೂಜಿ ತೆಗೀಲೇಬೇಕಲ್ಲ, ಬೇಕಾಗುತ್ತೆ ಅನ್ನಿಸ್ತು."

ಬೀಗದಣ್ಣನಿಗೆ ಸಂತೋಷಕ್ಕೆ ಏನೋ ಒಂದು ಮಾತು ನಾಲಿಗೆತುದಿಗೆ ಬಂತು. ಅಜ್ಜಿ ಥಟ್ಟನೆ ಅವನ ಬಾಯಿ ಮುಚ್ಚಿದಳು.

"ಹೇಗೂ ಗುಂಡಿ ಸಿಕ್ಕಿತಲ್ಲ," ಎಂದು ಪಾದ್ರಿಗಳು ಸ್ಟೂಲಿನ ಮೇಲೆ ಕೂತು ಗದ್ದ ಎತ್ತಿದರು. "ಈಗಲೇ ಹಾಕಿಬಿಡಿ."

ಟೈಲರು ಡಬ್ಬಿಗೆ ಕೈ ಹಾಕಿ ಗುಂಡಿ ತೆಗೆದುಕೊಂಡ. ಸೂಜಿಗೆ ದಾರ ಪೋಣಿಸಿದ. ಎದುರಂಗಡಿಗೆ ಮರಳಿದ ಬೀಗದಣ್ಣ ನಾಳೆಯ ಓದಿಗೆ ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದ.