ನನ್ನ ಅಡುಗೆಗೆ ಒಂಬತ್ತಾಣೆ

ಅಡುಗೆ ಮಾಡುವವರು ಒಬ್ಬರು, ರುಚಿ ಹೇಳುವವರು ಇನ್ನೊಬ್ಬರು ಇರುವ ಮನೆಯಲ್ಲಿ ಜಗಳಕ್ಕೆ ಬರವಿಲ್ಲ. ನಮ್ಮ ಮನೆಯಲ್ಲಂತೂ ಎರಡು ಹೊತ್ತೂ ಒಲೆಯ ಜೊತೆಗೇ ಅದೂ ಹತ್ತಿಕೊಳ್ಳುತ್ತಿತ್ತು. ಈಗ ಹೇಳಿದರೆ ಕೇಳಿದವರೆಲ್ಲ ನಗುತ್ತಾರೆ. ನಗಲಿ. ನನಗೆ ಆಗ ನಗು ಬರಲಿಲ್ಲ, ಈಗಲೂ ಪೂರ್ತಿ ಬಂದಿಲ್ಲ.

ನಮ್ಮ ಮಾವನವರು ಶೇಕ್ದಾರರಾಗಿದ್ದು ನಿವೃತ್ತರಾದವರು. ಕಂದಾಯದ ಕೆಲಸದಲ್ಲಿ ಅವರಿಗೆ ಬಹಳ ಹೆಮ್ಮೆ ಇದ್ದದ್ದು ಆಣೆವಾರಿಯ ಮೇಲೆ. ಅಂದರೆ ಹೊಲದ ಬದುವಿನ ಮೇಲೆ ನಿಂತು, ಪೈರು ನೋಡಿ, ಈ ಸಲ ಬೆಳೆ ಇಷ್ಟು ಆಣೆ ಅಂತ ಹೇಳುವುದು. ರೂಪಾಯಿಗೆ ಹದಿನಾರಾಣೆ ಇದ್ದ ಕಾಲ ಅದು. ಹದಿನಾರಾಣೆ ಅಂದರೆ ತುಂಬು ಬೆಳೆ, ಎಂಟಾಣೆ ಅಂದರೆ ಅರ್ಧ. ಆಣೆ ತೀರಾ ಕಮ್ಮಿಯಾದರೆ ರೈತನಿಗೆ ಕಂದಾಯದಲ್ಲಿ ರಿಯಾಯಿತಿ ಸಿಗುತ್ತಿತ್ತು. ಕೆಲಸ ಬಿಟ್ಟು ಮಂಡ್ಯದಲ್ಲಿ ಮನೆ ಮಾಡಿದ ಮೇಲೆ ಅವರಿಗೆ ನೋಡಲು ಹೊಲ ಸಿಗಲಿಲ್ಲ. ನನ್ನ ಅಡುಗೆಮನೆ ಸಿಕ್ಕಿತು.

ಬೆಳಿಗ್ಗೆ ಎದ್ದು ಪೇಟೆ ಸುತ್ತುವರು. ಯಾರ ಮನೆಯಲ್ಲಿ ಏನು ಮಾಡಿದರು, ಅದಕ್ಕೆ ಏನೇನು ಹಾಕಿದರು ಅಂತ ಕೇಳಿಕೊಂಡು ಬರುವರು. ಅರ್ಧ ಮರೆತು, ಉಳಿದರ್ಧ ನನಗೆ ಒಪ್ಪಿಸುವರು. ನಾನು ಮಾಡಬೇಕು. ಅವರು ತಿಂದು ಆಣೆ ಹೇಳಬೇಕು. ನಮ್ಮ ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಪುಣ್ಯವಂತೆ.

೧. ಒಡ್ಡಿದ ಸೆರಗು

ಮದುವೆಯಾಗಿ ಬಸರಾಳಿನಿಂದ ಬಂದ ಹೊಸತು. ಮೊದಲ ದಿನದ ಅಡುಗೆ ಅಂತ ಹುರುಳಿಕಾಳಿನ ಬಸ್ಸಾರು ಮಾಡಿ, ಮುದ್ದೆ ಕಟ್ಟಿ ಬಡಿಸಿದೆ. ನಮ್ಮವ್ವನ ಕೈಯ ಬಸ್ಸಾರು ಅಂದರೆ ನಮ್ಮೂರಿನಲ್ಲಿ ಪಕ್ಕದ ಬೀದಿಯವರೂ ಬಟ್ಟಲು ಹಿಡಿದು ಬರುತ್ತಿದ್ದರು. ಅದನ್ನೇ ಅಳತೆ ತಪ್ಪದೆ ಮಾಡಿದ್ದೆ.

ಮಾವನವರು ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ನುಂಗಿ, ಸ್ವಲ್ಪ ಹೊತ್ತು ಸೂರು ನೋಡಿದರು. ಆಮೇಲೆ ಗಂಭೀರವಾಗಿ, "ಒಂಬತ್ತಾಣೆ" ಅಂದರು.

ನನಗೆ ಈ ಆಣೆವಾರಿಯ ವಿಚಾರ ಯಾರೂ ಹೇಳಿರಲಿಲ್ಲ. ಹೊಸ ಸೊಸೆಯ ಕೈಯಡುಗೆ ಉಂಡು ಏನೋ ಕಾಣಿಕೆ ಕೊಡುತ್ತಾರೆ ಅಂದುಕೊಂಡೆ. ನಾಚಿಕೊಂಡೇ ಹೋಗಿ ಮುಂದೆ ನಿಂತು ಸೆರಗು ಒಡ್ಡಿದೆ. ಅವರು ಸೆರಗು ನೋಡಿದರು, ನನ್ನ ಮುಖ ನೋಡಿದರು.

"ದುಡ್ಡಲ್ಲ ಕಣಮ್ಮ, ಸಾರು" ಅಂದರು.

ಸೆರಗು ಕೊಡವಿಕೊಂಡು ಒಳಗೆ ಹೋದೆ. ಕೊಡವಿದ್ದು ಎಷ್ಟು ಜೋರಾಗಿತ್ತು ಅಂದರೆ, ಗೂಡಿನಲ್ಲಿದ್ದ ದೀಪ ಆರಿಹೋಯಿತು.

೨. ನಡುಗುವ ತಿಂಡಿ

ಯುದ್ಧದ ಕಾಲ. ಸಕ್ಕರೆ ಕಾರ್ಖಾನೆ ಮಂಡ್ಯದಲ್ಲೇ ಇತ್ತು, ನಮ್ಮ ಯಜಮಾನರು ಅಲ್ಲೇ ಗುಮಾಸ್ತರಾಗಿದ್ದರು. ಆದರೂ ಮನೆಗೆ ಬರುತ್ತಿದ್ದದ್ದು ರೇಷನ್ನಿನ ಅಳತೆಯ ಸಕ್ಕರೆಯೇ. ಗಾಳಿಯಲ್ಲೆಲ್ಲ ಬೆಲ್ಲದ ವಾಸನೆ, ಡಬ್ಬದಲ್ಲಿ ಇರುವೆಗೂ ಸಾಲದಷ್ಟು.

ಅಂಥ ಹೊತ್ತಿನಲ್ಲಿ ಮಾವನವರು ಬ್ಲಫ್‌ಗೆ ಹೋದರು. ಅದು ಜಲಪಾತದ ನೀರಿನಿಂದ ಕರೆಂಟು ತೆಗೆಯುವ ಊರು, ಅಲ್ಲಿ ಅವರ ಸ್ನೇಹಿತರ ಮಗ ಕೆಲಸದಲ್ಲಿದ್ದ. ಅವನ ಮನೆಯಲ್ಲಿ ಕರೆಂಟು ಒಲೆ ಇತ್ತಂತೆ, ಅದರಲ್ಲಿ ಮಾಡಿದ ಪುಡಿಂಗು ಅನ್ನುವ ತಿಂಡಿ ತಿಂದರಂತೆ. ವಾಪಸು ಬಂದವರು ಕಾಲು ತೊಳೆಯುವ ಮೊದಲೇ ಅದನ್ನು ಮಾಡು ಅಂತ ಹೇಳಿದರು. ಏನು ಹಾಕಬೇಕು ಅಂತ ಕೇಳಿದೆ. ಹಾಲು, ಮೊಟ್ಟೆ, ಸಕ್ಕರೆ. ಎಷ್ಟೆಷ್ಟು ಅಂತ ಕೇಳಿದೆ. ಅದು ಗೊತ್ತಿಲ್ಲ, ಆದರೆ ತಟ್ಟೆಗೆ ಹಾಕಿ ಬೆರಳಲ್ಲಿ ಮುಟ್ಟಿದರೆ ಗಡಗಡ ನಡುಗಬೇಕು ಅಂದರು.

ತಿಂಗಳ ಸಕ್ಕರೆಯನ್ನೆಲ್ಲ ಸುರಿದೆ. ಕರೆಂಟು ಒಲೆ ನಮಗೆಲ್ಲಿಂದ ಬರಬೇಕು, ಇಡ್ಲಿ ಪಾತ್ರೆಯಲ್ಲಿ ಬೇಯಿಸಿದೆ. ಮೊದಲ ಸಲ ಮಜ್ಜಿಗೆಯ ಹಾಗೆ ಹರಿಯಿತು. ಅದನ್ನೇ ಮತ್ತೆ ಬೇಯಿಸಿದೆ. ಈ ಸಲ ಗಟ್ಟಿಯಾಯಿತು. ಎಷ್ಟು ಗಟ್ಟಿ ಅಂದರೆ ತಟ್ಟೆಗೆ ಹಾಕಿದಾಗ ಟಣ್ ಅಂತು. ಮಾವನವರು ಬೆರಳಲ್ಲಿ ಮುಟ್ಟಿದರು. ತಟ್ಟೆ ಹಿಡಿದು ಅಲ್ಲಾಡಿಸಿದರು. ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು.

"ಮೂರಾಣೆ. ನಡುಗ್ತಾನೇ ಇಲ್ವಲ್ಲಮ್ಮ" ಅಂದರು.

ನಿಜ, ಅದು ನಡುಗುತ್ತಿರಲಿಲ್ಲ. ನಡುಗುತ್ತಿದ್ದವಳು ನಾನು, ಸಿಟ್ಟಿಗೆ. ಆ ತಿಂಗಳು ಪೂರಾ ಎಲ್ಲರೂ ಬೆಲ್ಲದ ಕಾಫಿ ಕುಡಿದರು. ಅದಕ್ಕೂ ಆರಾಣೆ.

೩. ಯಜಮಾನರ ನಾಲಿಗೆ

ಮಾವನವರ ಮೇಲಿನ ಸಿಟ್ಟನ್ನು ಗಂಡನ ಹತ್ತಿರ ಅಲ್ಲದೆ ಇನ್ನು ಯಾರ ಹತ್ತಿರ ಹೇಳಲಿ? ಒಂದು ದಿನ ಸೊಗಡಿನ ಅವರೆಕಾಯಿ ಸಿಕ್ಕಿತ್ತು. ಹಿತಕಿ, ಹೊಸದಾಗಿ ಮಸಾಲೆ ಅರೆದು ಸಾರು ಮಾಡಿದ್ದೆ. ಒಲೆಯ ಮೇಲಿದ್ದಾಗಲೇ ದಾರಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು ಮೂಸಿಕೊಂಡು ಹೋದರು. ಯಜಮಾನರು ಮೂರು ಸಲ ಹಾಕಿಸಿಕೊಂಡರು. ಬೆವರು ಒರೆಸಿಕೊಂಡು ಬಟ್ಟಲು ಎತ್ತಿ ಕುಡಿದರು.

ಇವರಾದರೂ ಬಾಯಿ ಬಿಟ್ಟು ಒಂದು ಒಳ್ಳೆಯ ಮಾತು ಹೇಳಲಿ ಅಂತ, ಹೇಗಿತ್ತು ಅಂತ ಕೇಳಿದೆ. ಅವರು ಬಾಗಿಲ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ ನನ್ನನ್ನೇ ಕೇಳಿದರು:

"ಅಪ್ಪ ಎಷ್ಟಂದ್ರು?"

೪. ಅರ್ಧ ಬಟ್ಟಲು

ಪಕ್ಕದ ಮನೆಯಲ್ಲಿ ಬಸ್ಸು ರಿಪೇರಿ ಮಾಡುವ ಸಾಹೇಬರಿದ್ದರು. ಅವರ ಹೆಂಡತಿಯನ್ನು ನಾನು ಆಪಾ, ಅಂದರೆ ಅಕ್ಕ, ಅಂತಲೇ ಕರೆಯುತ್ತಿದ್ದೆ. ರಂಜಾನ್ ಹಬ್ಬಕ್ಕೆ ಅವರ ಮನೆಯಿಂದ ಶೀರ್ ಕುರ್ಮಾ ಬಂತು. ಹಾಲು, ಶಾವಿಗೆ, ಖರ್ಜೂರ ಹಾಕಿದ ಪಾಯಸ. ಮಾವನವರು ಬಟ್ಟಲು ನೆಕ್ಕಿ ಹದಿಮೂರಾಣೆ ಅಂದರು. ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ಅಂಕಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಆಮೇಲೆ ನನಗೆ, ಹೋಗಿ ಕಲಿತುಕೊಂಡು ಬಾ ಅಂದರು.

ಆಪಾ ನಮ್ಮ ಮನೆಗೇ ಬಂದು ಹೇಳಿಕೊಡುತ್ತೇನೆ ಅಂದರು. ಬಂದವರು ನನ್ನ ಕೈ ನಿಧಾನ ಅಂತ ಬೇಸತ್ತು ಸೌಟು ಕಿತ್ತುಕೊಂಡರು. ಶಾವಿಗೆ ಹುರಿದದ್ದು ಅವರೇ, ಹಾಲು ಕಾಯಿಸಿದ್ದು ಅವರೇ, ಖರ್ಜೂರ ಸೀಳಿದ್ದು ಅವರೇ. ನಾನು ಒಲೆಗೆ ಸೌದೆ ನೂಕಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಅವರು ಒಳಗೇ ಕೂತಿದ್ದರು, ನಾನು ಬಟ್ಟಲು ತೆಗೆದುಕೊಂಡು ಹೋಗಿ ಮಾವನವರ ಮುಂದಿಟ್ಟೆ.

ತಿಂದರು. "ಎಂಟಾಣೆ. ಅವರ ಮನೆ ಕೈಗುಣ ನಿನಗೆ ಬರಕ್ಕಿಲ್ಲ ಬುಡು" ಅಂದರು. ಅಡುಗೆಮನೆಗೂ ಪಡಸಾಲೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಾನು ಒಳಗೆ ಬಂದಾಗ ಆಪಾ ಅವರ ಮುಖ ಕೆಂಡವಾಗಿತ್ತು. ಸೌಟು ಅಲ್ಲೇ ಕುಕ್ಕಿ ಹಿತ್ತಿಲ ಬಾಗಿಲಿನಿಂದ ಹೋದರು. ನನಗೋ, ಇನ್ನೊಬ್ಬರಿಗೂ ನನ್ನಷ್ಟೇ ಸಿಟ್ಟು ಬಂತಲ್ಲ ಅಂತ ಒಳಗೊಳಗೇ ತಂಪಾಯಿತು.

ಮುಂದಿನ ಹಬ್ಬಕ್ಕೆ ಬೀದಿಯ ಮನೆಗಳಿಗೆಲ್ಲ ತುಂಬಿದ ಬಟ್ಟಲು ಹೋಯಿತು. ನಮಗೆ ಆಪಾ ಹಿತ್ತಿಲ ಗೋಡೆಯ ಮೇಲಿಂದ ಕೊಟ್ಟ ಬಟ್ಟಲಿನಲ್ಲಿ ಸರಿಯಾಗಿ ಅರ್ಧ ಇತ್ತು.

"ಎಂಟಾಣೆಗೆ ಇಷ್ಟೇ ಬರೋದು ಅಂತ ನಿಮ್ಮ ಮಾವನವರಿಗೆ ಹೇಳಮ್ಮ" ಅಂದರು.

೫. ಕೊತ್ತತ್ತಿಯ ಗೌಡರು

ಮಾವನವರಿಗೆ ಹಳೆಯ ಪರಿಚಯದವರನ್ನು ಊಟಕ್ಕೆ ಕರೆತರುವ ಅಭ್ಯಾಸ. ಅವರ ಎದುರಿಗೆ ಆಣೆ ಹೇಳಿ ತಮ್ಮ ನಾಲಿಗೆಯ ಗತ್ತು ತೋರಿಸಬೇಕಲ್ಲ. ಒಂದು ದಿನ ಸಂತೆಗೆ ಬಂದಿದ್ದ ಕೊತ್ತತ್ತಿಯ ಗೌಡರೊಬ್ಬರನ್ನು ಕರೆತಂದರು. ವಯಸ್ಸಾದವರು, ಮಾತು ಕಮ್ಮಿ. ಆವತ್ತು ಮದ್ದೂರಿನ ನೆಂಟರ ಮನೆಯಿಂದ ಮಾವನವರು ಹೊತ್ತು ತಂದಿದ್ದ ಕೈಮ ಉಂಡೆ ಸಾರಿನ ಪ್ರಯೋಗ ನಡೆದಿತ್ತು. ಬೆಳಿಗ್ಗೆಯಿಂದ ಮಾಂಸ ಕೊಚ್ಚಿ, ಮಸಾಲೆ ರುಬ್ಬಿ ನನ್ನ ರಟ್ಟೆ ಬಿದ್ದುಹೋಗಿತ್ತು. ಒಂದು ಉಂಡೆಯೂ ಒಡೆದಿರಲಿಲ್ಲ.

ಮಾವನವರು ಒಂದು ಉಂಡೆ ಮುರಿದು ಬಾಯಿಗಿಟ್ಟು ಏಳಾಣೆ ಅಂದರು. ಅಂದು, ಗೌಡರ ಕಡೆ ತಿರುಗಿ, ನೀವು ಎಷ್ಟು ಅಂತೀರಿ ಅಂತ ಕೇಳಿದರು. ಗೌಡರು ಊಟ ನಿಲ್ಲಿಸಲಿಲ್ಲ. ಎಲೆಯಲ್ಲಿದ್ದದ್ದನ್ನು ಬಳಿದು ತಿಂದು, ನೀರು ಕುಡಿದು, ಆಮೇಲೆ ಬಾಯಿ ಬಿಟ್ಟರು.

"ಸ್ವಾಮಿ, ನಾಲೆ ಬರಾಕ್ ಮುಂಚೆ ಒಂದ್ ವರ್ಸ ಮಳೆ ಕೈಕೊಡ್ತು. ನಮ್ ರಾಗಿ ಒಲ ಸುಟ್ಟೋಗಿತ್ತು, ದನ ಮೇಯಾಕೂ ಏನೂ ಇರ್ನಿಲ್ಲ. ಆವತ್ತು ನೀವು ಬದಿನ ಮ್ಯಾಲೆ ಕೊಡೆ ಇಡ್ಕಂಡು ನಿಂತು ಅನ್ನೆರಡಾಣೆ ಅಂದ್ರಿ. ಆ ಲೆಕ್ಕಕ್ಕೆ ಈ ಊಟ ಮೂರು ರೂಪಾಯ್ ಆಗ್ಬೇಕು."

ಮಾವನವರಿಗೆ ಕೆಮ್ಮು ಬಂತು. ಗೌಡರ ಎಲೆಗೆ ನಾನು ಕೇಳದೆಯೇ ಇನ್ನೂ ನಾಲ್ಕು ಉಂಡೆ ಹಾಕಿದೆ. ಮಾವನವರ ಕೆಮ್ಮಿಗೆ ನೀರು ಕೊಡುವುದು ಮಾತ್ರ ಸ್ವಲ್ಪ ತಡವಾಯಿತು.

೬. ಮಳವಳ್ಳಿಯ ಉಪ್ಪಿಟ್ಟು

ನನ್ನ ಮೈದುನನಿಗೆ ಹೆಣ್ಣು ನೋಡಲು ಮಳವಳ್ಳಿಗೆ ಹೊರಟೆವು. ಪೆಟ್ರೋಲು ಸಿಗದ ಕಾಲ, ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು. ಅದರ ಹೊಗೆ ಒಂದು ಕಡೆ, ಮಾವನವರ ನಾಲಿಗೆಯ ಭಯ ಒಂದು ಕಡೆ. ಹಿಂದೆ ಎರಡು ಕಡೆ ಮಾವನವರು ಹೆಣ್ಣಿನ ಮನೆಯ ತಿಂಡಿಗೆ ಆಣೆ ಕಟ್ಟಿ, ಅವರು ಕೋಪಿಸಿಕೊಂಡು ಸಂಬಂಧ ಮುರಿದಿತ್ತು. ಪಾಪ, ಹುಡುಗನಿಗೆ ಮದುವೆಯ ಆಸೆಯೇ ಬತ್ತಿಹೋಗುತ್ತಿತ್ತು. ಅಲ್ಲಿ ಆಣೆ ಅಂದರೆ ನಾಳೆಯಿಂದ ಒಲೆ ಹಚ್ಚುವುದಿಲ್ಲ ಅಂತ ನಾನು ಬಸ್ಸಿನಲ್ಲೇ ಖಂಡಿತವಾಗಿ ಹೇಳಿದೆ. ಮಾವನವರು ಆಗಲಮ್ಮ ಅಂತ ಒಪ್ಪಿಕೊಂಡರು.

ಹುಡುಗಿ ಉಪ್ಪಿಟ್ಟು ತಂದಿಟ್ಟು ಬಾಗಿಲ ಪಕ್ಕ ನಿಂತಳು. ಮಾವನವರು ತುಟಿ ಬಿಗಿ ಹಿಡಿದುಕೊಂಡೇ ತಿಂದರು. ಎಲ್ಲ ಸರಿಯಾಗಿ ಮುಗಿಯುವುದರಲ್ಲಿತ್ತು. ಅಷ್ಟರಲ್ಲಿ ಹುಡುಗಿಯ ಅಪ್ಪನೇ, ಮಗಳೇ ಮಾಡಿದ್ದು, ಹೇಗಿದೆ ಅಂತ ಕೇಳಿಬಿಟ್ಟರು.

ಮಾವನವರು ನನ್ನನ್ನು ನೋಡಿದರು. ನಾನು ಕಣ್ಣು ದೊಡ್ಡದು ಮಾಡಿದೆ. ಆದರೂ ತಡೆಯಲಾಗದೆ, "ಹನ್ನೊಂದಾಣೆ" ಅಂದೇಬಿಟ್ಟರು.

ಆ ಮನೆಯವರಿಗೆ ಅರ್ಥವಾಗಲಿಲ್ಲ. ನಮ್ಮ ಯಜಮಾನರು ಮುಖ ತಗ್ಗಿಸಿಕೊಂಡು ಹದಿನಾರಾಣೆಯ ಲೆಕ್ಕ ಬಿಡಿಸಿ ಹೇಳಿದರು. ಹುಡುಗಿಯ ಅಪ್ಪನ ಮುಖ ಚಿಕ್ಕದಾಯಿತು. ಮೈದುನ ಎದ್ದು ಹೋಗಲು ಚಪ್ಪಲಿ ಎಲ್ಲಿದೆ ಅಂತ ನೋಡತೊಡಗಿದ. ಆಗ ಬಾಗಿಲ ಪಕ್ಕ ನಿಂತಿದ್ದ ಹುಡುಗಿ ತಲೆ ಎತ್ತಿದಳು.

"ಮಿಕ್ಕಿದ್ದು ಐದಾಣೆ. ಏನು ಕಮ್ಮಿ ಆಗೈತೆ?"

ಇಷ್ಟು ವರ್ಷದಲ್ಲಿ ಆ ಮಾತನ್ನು ಮಾವನವರಿಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ; ಸಿಟ್ಟು ಮಾಡಿಕೊಳ್ಳುವುದರಲ್ಲೇ ನನ್ನ ಹೊತ್ತು ಹೋಗಿತ್ತು. ಅವರು ಖಾಲಿ ತಟ್ಟೆ ನೋಡಿದರು. ಹುಡುಗಿ ಬಿಡಲಿಲ್ಲ. ಉಪ್ಪು ಸರಿಯಿದೆಯಾ ಅಂದಳು. ಸರಿಯಿದೆ ಅಂದರು. ರವೆ ಹದವಾಗಿ ಹುರಿದಿದೆಯಾ ಅಂದಳು. ಹುರಿದಿದೆ. ಖಾರ? ಸರಿಯಿದೆ. ತುಪ್ಪ? ಬೇಕಾದಷ್ಟಿದೆ.

"ಎಲ್ಲ ಸರಿಯಾಗೈತೆ ಅಂತೀರಿ. ಐದಾಣೆ ಎಲ್ಲಿಗೋಯ್ತು?"

ಎಲ್ಲರೂ ನೋಡುತ್ತಿದ್ದರು. ಮಾವನವರಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕೊನೆಗೆ ನಿಜ ಬಾಯಿಗೆ ಬಂದುಬಿಟ್ಟಿತು.

"ಪೂರಾ ಕೊಟ್ಬುಟ್ರೆ ಮನೇಲಿ ಸೊಸೇರು ಮಾತು ಕೇಳಕ್ಕಿಲ್ಲ ಕಣಮ್ಮ."

ನನ್ನ ಕಿವಿ ಬಿಸಿಯಾಯಿತು. ನಾನು ಅರೆದ ಮಸಾಲೆಯನ್ನೇ ಮತ್ತೆ ಅರೆದದ್ದು, ನಮ್ಮವ್ವನ ಬಸ್ಸಾರಿನ ಮೇಲೆ ನನಗೇ ಅನುಮಾನ ಬಂದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಅವರ ಮನೆಯ ಸೌಟು ನನ್ನ ಕೈಗೆಟುಕುವಲ್ಲಿ ಇರಲಿಲ್ಲ, ಒಳ್ಳೆಯದಾಯಿತು. ಹುಡುಗಿ ಮಾತ್ರ ಸಿಟ್ಟಾಗಲಿಲ್ಲ.

"ಅಂಗಾದ್ರೆ ಕಮ್ಮಿ ಇರಾದು ಉಪ್ಪಿಟ್ಟಲ್ಲಿ ಅಲ್ಲ ಬುಡಿ" ಅಂದು ಕಾಫಿ ತರಲು ಒಳಗೆ ಹೋದಳು.

ಒಪ್ಪಿಗೆಯ ಮಾತನ್ನು ಹಿರಿಯರು ಊರಿಗೆ ಹೋಗಿ, ಯೋಚನೆ ಮಾಡಿ ಹೇಳಿ ಕಳಿಸುವುದು ಪದ್ಧತಿ. ನಾನು ಅಲ್ಲೇ ಎದ್ದು ನಿಂತು, ಹುಡುಗಿ ನಮಗೆ ಒಪ್ಪಿಗೆ ಅಂದೆ. ಮೈದುನ ನನ್ನ ಸೆರಗು ಜಗ್ಗಿ, ಅತ್ತಿಗೆ, ನಾನಿನ್ನೂ ಸರಿಯಾಗಿ ನೋಡಿಲ್ಲ ಅಂತ ಪಿಸುಗುಟ್ಟಿದ. ನಾನು ನೋಡಿದ್ದೀನಿ, ಸಾಕು ಅಂದೆ. ಅವನ ಪುಣ್ಯ, ಕಾಫಿ ಕೊಡಲು ಬಂದಾಗ ಅವನೂ ನೋಡಿದ. ಮುಖ ಅರಳಿತು. ಶ್ರಾವಣದಲ್ಲಿ ಮದುವೆಯೂ ಆಯಿತು.

ಆವತ್ತು ಹೆಣ್ಣು ನೋಡಿ ವಾಪಸು ಬರುವಾಗ ಮದ್ದೂರಿನ ಈಚೆ ಒಂದು ಏರಿನಲ್ಲಿ ಬಸ್ಸು ಉಸಿರು ಬಿಟ್ಟು ನಿಂತಿತು. ಕಂಡಕ್ಟರು ಎಲ್ಲರನ್ನೂ ಇಳಿಸಿ, ಗಂಡಸರೆಲ್ಲ ತಳ್ಳಬೇಕು ಅಂದ. ಮಾವನವರೂ ಪೇಟ ತೆಗೆದು ನನ್ನ ಕೈಗೆ ಕೊಟ್ಟು ಹೆಗಲು ಕೊಟ್ಟರು. ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಅವರು ಏದುಸಿರು ಬಿಡುತ್ತಾ ನನ್ನ ಕಡೆ ತಿರುಗಿದರು.

"ಹುಡುಗಿ ಅಡುಗೆ ಪರವಾಗಿಲ್ಲ. ಬಾಯಿ ಒಸಿ ಜೋರು, ಅಲ್ವೇನಮ್ಮ?"

"ಬಾಯಿ ಹದಿನಾರಾಣೆ ಮಾವ" ಅಂದೆ. "ತಳ್ಳಿ."