ಕಿವಿಗಿಟ್ಟು ಅಲ್ಲಾಡಿಸಿದ ಕೆರೆ

ಕೆರೆ ಎಲ್ಲಿ?

"ಅಜ್ಜಾ, ಕೆರೆಗೆ ಯಾವ ಕಡೆ ಹೋಗಬೇಕು?"

ಕುರಿ ಮೇಯಿಸುತ್ತಿದ್ದ ಅಜ್ಜ ನನ್ನನ್ನು ನೋಡಿದ, ನನ್ನ ಕೈಯಲ್ಲಿದ್ದ ಪೆಟ್ಟಿಗೆ ನೋಡಿದ, ಮತ್ತೆ ನನ್ನನ್ನೇ ನೋಡಿದ. ಕಿಬ್ಬನಹಳ್ಳಿಯಲ್ಲಿ ಬಸ್ಸಿಳಿದು, ಯಾರೋ ಹೇಳಿದ ಅಡ್ಡದಾರಿ ಹಿಡಿದು, ಒಂದೇ ತೆಂಗಿನ ತೋಟದ ಬೇಲಿಯನ್ನು ಎರಡು ಸಲ ಸುತ್ತಿ, ನಾನು ಆ ಜಾಲಿ ಗಿಡಗಳ ಬಯಲಿಗೆ ಬಂದು ನಿಂತಿದ್ದೆ.

"ಯಾವ್ ಕೆರೆ ತಾಯಿ?"

"ಇದೇ ಊರಿಂದು. ಹೈಸ್ಕೂಲು ಹತ್ತಿರದ್ದು."

"ನೀವು ನಿಂತಿರೋದು ಅದ್ರೊಳಗೇಯ."

ಇಂಥವು ನನಗೆ ಆಗುತ್ತಲೇ ಇರುತ್ತವೆ. ನೇಪಾಳ, ಕೀನ್ಯಾ ಅಂತ ಅಲೆದವಳು. ಎಲ್ಲೂ ಎರಡು ವರ್ಷ ಕಾಲೂರಿದವಳಲ್ಲ, ದಾರಿ ತಪ್ಪದೆ ಯಾವ ಊರನ್ನೂ ಸೇರಿದವಳಲ್ಲ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಒಂದು ಸಣ್ಣ ಸಂಸ್ಥೆಯ ಪರವಾಗಿ ಹೈಸ್ಕೂಲು ಮಕ್ಕಳಿಗೆ ಕೆರೆ ನೀರಿನ ಪರೀಕ್ಷೆ ಕಲಿಸಲು, ಅದರ ಔಷಧಿ ಸೀಸೆಗಳ ಪೆಟ್ಟಿಗೆ ಹಿಡಿದು ಈ ಸೀಮೆಗೆ ಬಂದಿದ್ದೆ. ಇಲ್ಲಿ ನಕ್ಕಷ್ಟು ನಾನು ಬೇರೆಲ್ಲೂ ನಕ್ಕಿಲ್ಲ.

"ಹಾಗಾದ್ರೆ ನೀರೆಲ್ಲಿ ಅಜ್ಜ?"

"ನಾನು ಸಣ್ಣೋನಿದ್ದಾಗ ಇಲ್ಲೇ ಇತ್ತು. ಈಗ ವಯಸ್ಸಾಯ್ತಲ್ಲ, ಏರಿ ಪಕ್ಕ ಮೂಲೆ ಹಿಡಿದು ಕುಂತೈತೆ. ನನ್ನಂಗೇ ಕಣವ್ವಾ."

ಸೋಸಿದ ನೀರು

ಒಂಬತ್ತನೇ ಕ್ಲಾಸಿನವರಿಗೆ ಮೊದಲ ಕೆಲಸ ಕೊಟ್ಟೆ: ಎಲ್ಲರೂ ಒಂದೊಂದು ಸೀಸೆ ಕೆರೆ ನೀರು ಇದ್ದ ಹಾಗೇ ತನ್ನಿ. ಸೋಮವಾರ ಮೇಜಿನ ಮೇಲೆ ಸಾಲಾಗಿ ನಿಂತ ಸೀಸೆಗಳನ್ನು ನೋಡಿ ದಂಗಾದೆ. ಅಂಥ ತಿಳಿನೀರನ್ನು ಹಿಮಾಲಯದಲ್ಲೂ ಕಂಡಿರಲಿಲ್ಲ.

"ಕೆರೇದೇನ್ರೋ ಇದು?"

"ಹೂಂ ಮಿಸ್. ನಮ್ಮವ್ವ ಬಟ್ಟೇಲಿ ಸೋಸಿ ಕೊಟ್ಲು."

"ನಮ್ಮಜ್ಜಿ ಕಾಯಿಸಿ ಆರಿಸಿದ್ಲು ಮಿಸ್."

ಒಂದು ಸೀಸೆಯಲ್ಲಿ ಏಲಕ್ಕಿ ತೇಲುತ್ತಿತ್ತು. ಪರಸ್ಥಳದಿಂದ ಬಂದವಳ ಕೈಗೆ ಕೊಳಕು ನೀರು ಕೊಡುವುದು ಹೇಗೆ ಎಂದು ಮನೆಮನೆಯಲ್ಲೂ ಯೋಚಿಸಿದ್ದರು. ಹೆಡ್ ಮೇಷ್ಟ್ರಿಗಂತೂ ಹೆಮ್ಮೆಯೋ ಹೆಮ್ಮೆ.

ಕೊನೆಯ ಸೀಸೆ ಮಾತ್ರ ಡಿಕಾಕ್ಷನ್ ಹಾಗೆ ಕಪ್ಪಗಿತ್ತು. ಮುಚ್ಚಳ ತೆಗೆದರೆ ಮೂಗು ಬಿಡುವಂತಿರಲಿಲ್ಲ. ತಂದವಳು ಮುಂದಿನ ಬೆಂಚಿನ ಸಣಕಲು ಹುಡುಗಿ. ಅವಳ ಅವ್ವ ತೆಂಗಿನ ಸಿಪ್ಪೆಯನ್ನು ಕೆರೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು ನಾರು ತೆಗೆದು, ಹಗ್ಗ ಹೊಸೆದು ಮಾರುವವಳು. "ಅಲ್ಲೀದೇ ತಂದೆ ಮಿಸ್. ಇದ್ದಂಗೇ ತನ್ನಿ ಅಂದಿದ್ರಲ್ಲ."

ಹೆಡ್ ಮೇಷ್ಟ್ರು ಮೂಗು ಮುಚ್ಚಿಕೊಂಡೇ ಕೇಳಿದರು: "ಯಾಕಮ್ಮಾ, ನಿಮ್ಮನೇಲಿ ಒಂದು ಚೂರು ಬಟ್ಟೆ ಇರ್ಲಿಲ್ವಾ?"

ಅಟ್ಟ

ತಿಪಟೂರು ಸೀಮೆಯಲ್ಲಿ ಕಾಯಿ ಕೆಡವಿದ ಕೂಡಲೇ ಮಾರುವುದಿಲ್ಲ. ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಬಿಟ್ಟು, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುವವರೆಗೂ ಕಾಯುತ್ತಾರೆ. ಆಗಿದೆಯೋ ಇಲ್ಲವೋ ಎಂದು ಒಳಗಿನ ಸದ್ದಿನಿಂದ ತಿಳಿಯಲು ಕಿವಿಗಿಟ್ಟು ಅಲ್ಲಾಡಿಸುತ್ತಾರೆ. ಈ ಅಭ್ಯಾಸ ಕಾಯಿಗೆ ನಿಲ್ಲುವುದಿಲ್ಲ. ನನ್ನ ನೀರಿನ ಸೀಸೆಗಳನ್ನು ಕಂಡಕ್ಟರೂ ಅಲ್ಲಾಡಿಸಿದ, ಟೀ ಅಂಗಡಿಯವನೂ ಅಲ್ಲಾಡಿಸಿದ.

ಒಬ್ಬೊಬ್ಬರೂ ಒಂದು ಸೀಸೆಯನ್ನು ಒಂದು ವಾರ ಮನೆಯಲ್ಲಿಟ್ಟು, ಏನು ಬದಲಾಗುತ್ತದೆ ನೋಡಿ ತನ್ನಿ ಎಂದಿದ್ದೆ. ತಿಂಗಳು ಕಳೆದರೂ ಒಬ್ಬ ಹುಡುಗನ ಸೀಸೆ ಬರಲಿಲ್ಲ. ಮನೆಗೇ ಹೋಗಿ ಕೇಳಿದೆ. ಅವನಪ್ಪ ಅಟ್ಟದ ಕಡೆ ಕೈ ತೋರಿಸಿದ. ಕಾಯಿ ರಾಶಿಯ ನಡುವೆ ನನ್ನ ಸೀಸೆ ಬೆಚ್ಚಗೆ ಕುಳಿತಿತ್ತು.

"ಈಗ್ಲೇ ಯಾಕ್ ಇಳಿಸ್ತೀರಿ ಮೇಡಮ್ಮೋರೇ, ರೇಟು ಬರ್ಲಿ ಬುಡಿ."

ಮಾತು

ಆ ಬೇಸಿಗೆ ಕೆರೆಯ ಮೀನು ಹೊಟ್ಟೆ ಮೇಲಾಗಿ ತೇಲಿದವು. ದನಗಳು ಮೂತಿ ಇಟ್ಟು ಹಾಗೇ ತಿರುಗಿ ಬರುತ್ತಿದ್ದವು. ಪಂಚಾಯ್ತಿಯ ಮೆಂಬರೊಬ್ಬ, ಇದಕ್ಕೆಲ್ಲ ಮೂಲೆಯಲ್ಲಿ ಕೊಳೆಹಾಕಿದ ಸಿಪ್ಪೆಯೇ ಕಾರಣ, ಅದನ್ನೆಲ್ಲ ಎತ್ತಿಸಬೇಕು ಅಂತ ಪಟ್ಟು ಹಿಡಿದ. ಹೆಡ್ ಮೇಷ್ಟ್ರು ನಡುವೆ ಬಂದು, ಮಕ್ಕಳು ಆ ಮೂಲೆಯ ನೀರು ಪರೀಕ್ಷಿಸಲಿ, ಕೆಟ್ಟಿದ್ದರೆ ಸಿಪ್ಪೆ ಏಳಲಿ, ಇಲ್ಲದಿದ್ದರೆ ಇರಲಿ ಎಂದರು. ಎಲ್ಲರೂ ಒಪ್ಪಿದರು.

ಹುಡುಗಿಯ ಅವ್ವನನ್ನು ಕಾಣಲು ಹೋದೆ. ಬಡಿಯುವ ಕೈ ನಿಲ್ಲಿಸದೆ ಹೇಳಿದಳು: "ನೋಡವ್ವಾ, ಹಗ್ಗ ಇದ್ರೆ ಇವಳ್ಗೆ ಇಸ್ಕೂಲು. ಹಗ್ಗ ನಿಂತ್ರೆ ನನ್ ಜೊತೆ ಕೂಲಿಗೆ ಬತ್ತಾಳೆ. ಅಷ್ಟೇಯ. ನೀರು ಕೆಟ್ಟೈತೆ ಅಂತ ಬಂದ್ರೆ ಈ ಸಿಪ್ಪೆ ಎಲ್ಲಾ ಯಾರು ಎತ್ತೋರು? ನಿಮ್ಮ ಪೆಟ್ಟಿಗೇನಾ?"

"ನಾನೇ ಬರ್ತೀನಿ. ನಿಮ್ಮ ಜೊತೆ ನಾನೇ ಎತ್ತುತ್ತೀನಿ," ಅಂದೆ.

ಅವಳ ಕೈ ಆಗ ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮದ್ಲು ಸೀರೆ ಎತ್ತಿ ಕಟ್ಟೋದು ಕಲ್ತ್ಕಳಿ."

ಮೆಂಬರು ಕೇಳಿದ ಸದ್ದು

ನೀರಿನಲ್ಲಿ ಮೀನು ಉಸಿರಾಡುವಷ್ಟು ಗಾಳಿ ಬೆರೆತಿದೆಯೇ ಎಂದು ನೋಡುವ ಪರೀಕ್ಷೆ ಅದು. ಸೀಸೆಯನ್ನು ನೀರೊಳಗೇ ಕಂಠಪೂರ್ತಿ ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಬೇಕು. ಔಷಧಿ ಹಾಕಿದಾಗ ತಳಕ್ಕಿಳಿಯುವ ಗಸಿ ಕಂದಾದರೆ ಗಾಳಿ ಇದೆ, ಬಿಳಿಯಾಗಿಯೇ ಉಳಿದರೆ ಇಲ್ಲ. ಔಷಧಿಯಲ್ಲಿ ಒಂದು ಆಸಿಡ್ಡು ಇದ್ದದ್ದರಿಂದ ಹೆಡ್ ಮೇಷ್ಟ್ರು ಅದನ್ನು ಶಾಲೆಯಾಚೆ ಬಿಡುತ್ತಿರಲಿಲ್ಲ. ಹಾಗಾಗಿ ಸೀಸೆಯೇ ಶಾಲೆಗೆ ಬರಬೇಕಿತ್ತು. ತುಂಬಿ ತಂದವಳು ಅದೇ ಹುಡುಗಿ. ಉಳಿದವರಾರಿಗೂ ಆ ಕೊಳೆಗೆ ಇಳಿಯುವ ಮನಸ್ಸಿರಲಿಲ್ಲ.

ಊರೆಲ್ಲ ಶಾಲೆಯ ಅಂಗಳದಲ್ಲಿ ನೆರೆದಿತ್ತು. ಆ ಗದ್ದಲದಲ್ಲಿ ಸೀಸೆಯ ಕಂಠ ನೋಡುವುದನ್ನೂ ಮರೆತು ಔಷಧಿ ಬಿಟ್ಟೆ. ಗಸಿ ನಿಧಾನವಾಗಿ ಕಂದಾಯಿತು. ಆ ಕಪ್ಪು ಮೂಲೆಯಲ್ಲಿ ಗಾಳಿ ಇದೆ! ಅವ್ವ ಕಣ್ಣು ಮುಚ್ಚಿ ಕೈ ಮುಗಿದಳು. ಮೆಂಬರನ ಮುಖ ಇಳಿದುಹೋಯಿತು. ನನಗೂ, ಸುಳ್ಳೇಕೆ, ಒಳಗೊಳಗೇ ಹಿಗ್ಗು.

ಹುಡುಗಿ ಎದ್ದು ನಿಂತಳು.

"ಮಿಸ್, ಈ ಸೀಸೆ ಲೆಕ್ಕಕ್ಕಿಲ್ಲ. ದಾರೀಲಿ ಮೆಂಬ್ರು ಇಸ್ಕಂಡು ಕಿವಿಗಿಟ್ಕಂಡ್ರು. ತುಂಬಿತ್ತಲ್ಲ, ಸದ್ದು ಬರ್ಲಿಲ್ಲ. ವಸಿ ಚೆಲ್ಲಿ ಚೆನ್ನಾಗಿ ಅಲ್ಲಾಡಿಸಿದ್ರು. ಗಾಳಿ ಸೇರ್ಕಂತು."

ಅವ್ವ ಕಣ್ಣು ಬಿಟ್ಟು ಮಗಳನ್ನೇ ನೋಡಿದಳು. ಕಲಿಸಿದ್ದು ಒಬ್ಬಳಿಗಾದರೂ ಹತ್ತಿತಲ್ಲ ಎಂದು ನಾನು ಹಿಗ್ಗಬೇಕಿತ್ತು. ಬದಲಿಗೆ ಆ ಸೀಸೆಯ ಕಡೆ ನೋಡದೆ ಅದನ್ನು ಪಕ್ಕಕ್ಕೆ ಸರಿಸಿದೆ. ಇಷ್ಟು ದಿನ ಸಿಪ್ಪೆ ಎತ್ತಿಸಲು ಓಡಾಡಿದ ಮನುಷ್ಯ ತನ್ನ ಕೈಯಾರೆ ಅದನ್ನು ಉಳಿಸಿಬಿಟ್ಟಿದ್ದ. ಉಳಿದದ್ದನ್ನು ಈ ಕೂಸು ಕಳೆದಿತ್ತು.

ಮೆಂಬರು ಎದ್ದು ನಿಂತು, "ಅಲ್ಲಾಡಿಸ್ದೆ ಆಗೈತೋ ಇಲ್ವೋ ಅಂತ ಹೆಂಗ್ ಕಣಮ್ಮಾ ಹೇಳೋದು?" ಎಂದ.

ಕೆಳಗಿನ ಪದರ

ಎರಡನೆಯ ಸೀಸೆಯನ್ನೂ ಹುಡುಗಿಯೇ ತುಂಬಿದಳು. ಮೆಂಬರು ಕೈ ಹಿಂದೆ ಕಟ್ಟಿಕೊಂಡು ಅವಳ ಹಿಂದೆಯೇ ನಡೆದು ಬಂದ. ಗಸಿ ಬಿಳಿಯಾಗಿಯೇ ಉಳಿಯಿತು. ಸಿಪ್ಪೆ ಎತ್ತಲೇಬೇಕಾಯಿತು.

ಮರುದಿನ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿಕೊಂಡು ಕೆರೆಗೆ ಹೋದೆ. ಅವ್ವ ಆಗಲೇ ಸೊಂಟದವರೆಗೂ ಇಳಿದು, ಸಿಪ್ಪೆ ತೇಲದಿರಲೆಂದು ಮೇಲೆ ಹೇರಿದ್ದ ಕಲ್ಲು ಸರಿಸುತ್ತಿದ್ದಳು. ದಡದಲ್ಲಿ ಹುಡುಗಿ, ಲಂಗ ಮೇಲಕ್ಕೆ ಸಿಕ್ಕಿಸಿಕೊಂಡು ಕೈಚಾಚಿ ನಿಂತಿದ್ದಳು. ಅವಳ ಬ್ಯಾಗು ಎಲ್ಲೂ ಕಾಣಲಿಲ್ಲ.

ಇಳಿದೆ. ಎರಡನೇ ಹೆಜ್ಜೆಗೇ ಜಾರಿ ಕುತ್ತಿಗೆಯವರೆಗೂ ಮುಳುಗಿ ಎದ್ದೆ. ಏರಿಯ ಮೇಲೆ ನಿಂತವರೆಲ್ಲ ನಕ್ಕರು. ಅವ್ವನೂ ನಕ್ಕಳು, ನಿನ್ನೆಯಿಂದ ಮೊದಲ ಸಲ. ಕೊಳೆತ ಸಿಪ್ಪೆಯನ್ನು ಎದೆಗವಚಿ ಎತ್ತಿದೆ, ಕೊಟ್ಟೆ, ಮತ್ತೆ ಎತ್ತಿದೆ. ಪ್ರಪಂಚ ಸುತ್ತಿದ್ದೇನೆ, ಅಂಥ ನಾತ ಎಲ್ಲೂ ಕಂಡಿಲ್ಲ.

ಶಾಲೆಯ ಗಂಟೆ ಹೊಡೆಯಿತು. ಹುಡುಗಿ ಅಲುಗಲಿಲ್ಲ. ಅವ್ವ ಅವಳನ್ನು ನೋಡಿದಳು, ನನ್ನನ್ನು ನೋಡಿದಳು.

"ಏಯ್, ಗಂಟೆ ಕೇಳ್ಸಲಿಲ್ವೇನೇ? ಹೋಗು. ನಿನ್ ಬದ್ಲು ನಿಮ್ ಮಿಸ್ಸು ಅವ್ರೆ."

ಹುಡುಗಿ ಕೈಕಾಲನ್ನೂ ತೊಳೆಯದೆ ಓಡಿದಳು. ಮೇಲಿನ ಸಿಪ್ಪೆಯೆಲ್ಲ ದಡ ಸೇರುವ ಹೊತ್ತಿಗೆ ನನ್ನ ಬೆನ್ನು ನೆಟ್ಟಗಾಗುತ್ತಿರಲಿಲ್ಲ. "ಮುಗೀತಲ್ಲವ್ವಾ?" ಅಂದೆ.

"ಇದು ಮೇಲಿನ ಪದ್ರ ಕಣವ್ವಾ. ಕೆಳಗೆ ಇನ್ನೂ ಅವೆ. ನನ್ ಮಗಳ ಇಸ್ಕೂಲ್ ಪರೀಕ್ಷೆ ಮುಗಿಯಗಂಟ ಇರ್ತೀರಲ್ಲ?"

ನಾನು ಸೆರಗು ಬಿಗಿದು ಮತ್ತೆ ಬಗ್ಗಿದೆ.