ತಗ್ಗಿನ ಸಮುದ್ರಕ್ಕೆ ಹೋದ ನಮ್ಮನೆಯವರು

ಗಂಡ ಏನು ಕೆಲಸ ಮಾಡುತ್ತಾರೆ ಎಂದರೆ ಒಂದೇ ಮಾತಿನಲ್ಲಿ ಉತ್ತರ ಕೊಡುವ ಹೆಂಗಸರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕಂಡಕ್ಟರ್, ಮೇಷ್ಟ್ರು, ಕಿರಾಣಿ ಅಂಗಡಿ, ಮುಗಿಯಿತು. ನಮ್ಮನೆಯವರು ಸರ್ವೆ ಹಡಗಿನಲ್ಲಿ ಸಮುದ್ರದ ಎತ್ತರ ಅಳೆಯುತ್ತಾರೆ ಎಂದರೆ ಇಡೀ ಚನ್ನಗಿರಿ ನನ್ನನ್ನು ಕನಿಕರದಿಂದ ನೋಡುತ್ತದೆ. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಜಮೀಲಕ್ಕ ಮಾತ್ರ ಮೆಷಿನ್ ನಿಲ್ಲಿಸಿ, "ನೀರು ಎಲ್ಲಾ ಕಡೆ ಸಮ ಇರ್ತೈತಲ್ಲವ್ವಾ, ಅಳೆಯಾಕೆ ಏನೈತೆ?" ಎಂದು ಕೇಳಿದರು.

ಮದುವೆಯಾದ ಹೊಸದರಲ್ಲಿ ನಾನೂ ಅದನ್ನೇ ಕೇಳಿದ್ದೆ. ಭೂಮಿಯ ಸೆಳೆತ ಎಲ್ಲ ಕಡೆ ಒಂದೇ ಸಮ ಇಲ್ಲವಂತೆ. ಹೆಚ್ಚಿದ್ದಲ್ಲಿ ನೀರು ಗುಡ್ಡೆಯಾಗುತ್ತದೆ, ಕಡಿಮೆಯಿದ್ದಲ್ಲಿ ತಗ್ಗುತ್ತದೆ. ಹಡಗಿನ ಜಿಪಿಎಸ್ ಉಪಗ್ರಹಗಳನ್ನು ನಂಬಿ ತನ್ನ ಎತ್ತರ ಹೇಳುತ್ತದೆ. ಅದರಲ್ಲಿ ಅಲೆ, ಉಬ್ಬರವಿಳಿತ ಕಳೆದರೆ ಆ ಸೆಳೆತದ ಆಕಾರ ತಿಳಿಯುತ್ತದೆ. ಶ್ರೀಲಂಕಾದ ದಕ್ಷಿಣಕ್ಕೆ ಸಮುದ್ರ ನಾಲ್ಕೈದು ತೆಂಗಿನಮರದಷ್ಟು ತಗ್ಗಿದೆಯಂತೆ. ಈ ಸಲ ಹೋದದ್ದು ಅಲ್ಲಿಗೇ. ಗುಂಡಿಗಿಳಿದ ಹಡಗು ಮೇಲೆ ಹತ್ತುವುದು ಹೇಗೆಂದು ಅತ್ತೆ ಫೋನಿನಲ್ಲಿ ಕಣ್ಣೀರು ಹಾಕಿದರು. ಅಲ್ಲಿದ್ದವರಿಗೆ ಇಳಿದದ್ದೂ ಹತ್ತಿದ್ದೂ ಗೊತ್ತೇ ಆಗುವುದಿಲ್ಲ ಎಂದು ಹಡಗಿನಿಂದ ಮಗ ಸಮಾಧಾನ ಹೇಳಿದರು. ಇಲ್ಲಿದ್ದವಳಿಗೆ ಗೊತ್ತಾಗುತ್ತಿತ್ತು. ಒಗೆದ ಬಟ್ಟೆ ಮಡಿಸುವಾಗ ಅದರಲ್ಲಿ ಅವರ ಅಂಗಿ ಒಂದೂ ಇರುತ್ತಿರಲಿಲ್ಲ.

ಅವರು ಹಡಗಿನಲ್ಲಿದ್ದಾಗಲೇ ನಾವು ಬಾಡಿಗೆ ಮನೆ ಬದಲಿಸಿದ್ದೆವು. ಅವರೋ ಜಗಳೂರಿನವರು, ನಮ್ಮೂರಿನ ಓಣಿಗಳು ಗೊತ್ತಿಲ್ಲ. ಬರುವ ದಿನ ಲೊಕೇಶನ್ ಕಳಿಸಿ ಮಧ್ಯಾಹ್ನದಿಂದ ಬಾಗಿಲಿಗೂ ಒಳಗೂ ಓಡಾಡಿದೆ. ಸಂಜೆ ಫೋನ್ ಬಂತು. ಸಮುದ್ರವನ್ನು ಬೆರಳಗಲದ ಲೆಕ್ಕದಲ್ಲಿ ಅಳೆದು ಬಂದವರು ಊರಾಚೆಯ ಮೆಕ್ಕೆಜೋಳದ ಹೊಲದಲ್ಲಿ ಬ್ಯಾಗು ಹಿಡಿದು ನಿಂತಿದ್ದರು.

"ಮ್ಯಾಪು ಮನೆ ಬಂತು ಅಂತೈತೆ. ಇಲ್ಲಿ ಬರೀ ಜೋಳ ಐತೆ. ನೀನೇ ಬಾರೇ."

ಸ್ಕೂಟಿ ಹತ್ತಿ ಹೋದೆ. ಬೈಯಲು ತಿಂಗಳುಗಟ್ಟಲೆ ಕೂಡಿಟ್ಟ ಮಾತುಗಳಿದ್ದವು. ಅವರು ಕಪ್ಪಗಾಗಿ, ಸೊರಗಿ, ಗಡ್ಡ ಬಿಟ್ಟು ನಿಂತಿದ್ದರು. ಬೈಯುವುದು ಬಿಟ್ಟು ಬ್ಯಾಗು ಇಸಿದುಕೊಂಡು ಕಾಲ ಹತ್ತಿರ ಇಟ್ಟುಕೊಂಡೆ. ಹಿಂದೆ ಕೂತು ಹೆಗಲ ಮೇಲೆ ಕೈಯಿಟ್ಟರು. ಮನೆಯಲ್ಲಿ ಅತ್ತೆ ಕಾಯುತ್ತಿದ್ದರು, ಜಮೀಲಕ್ಕನೂ ಬಂದು ಕೂತಿದ್ದರು. ಅಲ್ಲಿಗೆ ಹೋದರೆ ಇವರು ನನಗೆ ಸಿಗುವುದು ಇನ್ನು ಯಾವಾಗಲೋ. ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಬೇಕಿತ್ತು. ಗಾಡಿ ನೇರ ಸಂತೇಬೆನ್ನೂರು ರಸ್ತೆ ಹಿಡಿಯಿತು.

ಸ್ವಲ್ಪ ಹೊತ್ತಿನ ಮೇಲೆ ಅವರು, "ನಿನಗೆ ದಾರಿ ಸರಿಯಾಗಿ ಗೊತ್ತೈತಾ?" ಎಂದರು.

ಚನ್ನಗಿರಿಯಲ್ಲೇ ಹುಟ್ಟಿ ಬೆಳೆದ ನಾನು ಗಾಡಿಯನ್ನು ಇನ್ನಷ್ಟು ನಿಧಾನ ಮಾಡಿ, "ಮುಂದೆ ಯಾರನ್ನಾದ್ರೂ ಕೇಳಣ ಬಿಡ್ರಿ" ಎಂದೆ.